‘ಪೂರ್ಣ’ ಎಂದು ಬರೆದ ಒಂದು ಪದ

ನನ್ನ ಮೇಜಿಗೆ ಬಂದ ಆಟಿಕೆ ವಾಹನವನ್ನು ನಾನು ಮೊದಲು ಮಗುಚಿ ಹಾಕುತ್ತೇನೆ. ಮೇಲ್ಭಾಗವನ್ನು ಮಾರುವವರು ಒರೆಸಿ, ಉಜ್ಜಿ, ಕೆಲವೊಮ್ಮೆ ಬಣ್ಣವನ್ನೂ ಬಳಿದು ತಂದಿರುತ್ತಾರೆ. ಹೊಟ್ಟೆಯ ಕಡೆ ಒರೆಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಮೈಯನ್ನೂ ತಳವನ್ನೂ ಬಿಗಿದಿಡುವ ರಿವೆಟ್ಟನ್ನು ಕೊರೆದು ತೆಗೆದ ಗುರುತು, ಸವೆದ ಚಕ್ರದ ಅಂಚು, ಅಚ್ಚಿನ ಅಕ್ಷರಗಳ ನಡುವೆ ತುಂಬಿಕೊಂಡ ಹೊಸ ಬಣ್ಣ, ಎಲ್ಲವೂ ಅಲ್ಲೇ ಸಿಗುತ್ತವೆ.

ಇಂಗ್ಲೆಂಡಿನ ಉತ್ತರ ಭಾಗದ ಒಂದು ಹರಾಜು ಸಂಸ್ಥೆಯಲ್ಲಿ, ಹಳೆಯ ಆಟಿಕೆಗಳ ವಿಭಾಗದಲ್ಲಿ ನನ್ನ ಕೆಲಸ. ಬಂದ ವಸ್ತುವನ್ನು ಪರೀಕ್ಷಿಸಿ, ನಾಲ್ಕು ಸಾಲು ವಿವರಣೆ ಬರೆದು, ಅಂದಾಜು ಬೆಲೆ ಹಾಕುವುದು. ಸಾಗರದ ಕಡೆ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡು ಬೆಳೆದವನಿಗೆ ಈ ಕೆಲಸ ಹೇಗೆ ಸಿಕ್ಕಿತು ಎಂದು ಊರಿನವರು ಈಗಲೂ ಕೇಳುತ್ತಾರೆ. ಸೇರಿದ ಹೊಸದರಲ್ಲಿ ನನಗೂ ಅದೇ ಅಳುಕಿತ್ತು. ವಿಭಾಗದ ಹಿರಿಯ ಸಹೋದ್ಯೋಗಿ ಮಾತ್ರ, ನೀನು ಇವುಗಳ ಜೊತೆ ಆಡಿ ಬೆಳೆದವನಲ್ಲ, ಅದೇ ಒಳ್ಳೆಯದು ಎಂದಿದ್ದರು. ಅವರ ಮಾತಿನ ಅರ್ಥ ನಿಧಾನಕ್ಕೆ ತಿಳಿಯಿತು. ಗುಲಾಬಿ ಬಣ್ಣದ ಆ ಕಾರನ್ನು ಕಂಡಾಗ ಅವರ ಕೈ ಸಣ್ಣಗೆ ನಡುಗುತ್ತಿತ್ತು. ನನ್ನದು ನಡುಗುತ್ತಿರಲಿಲ್ಲ.

ಹಾಗಿದ್ದೂ ಎಡವಿದವನು ನಾನೇ, ಅದೂ ಅದೇ ಕಾರಿನಲ್ಲಿ.

ಆ ಕಾರಿನ ಹೆಸರು ಫ್ಯಾಬ್ 1. ಗೆರ್ರಿ ಮತ್ತು ಸಿಲ್ವಿಯಾ ಆ್ಯಂಡರ್ಸನ್ ದಂಪತಿ ಬೊಂಬೆಗಳನ್ನು ಬಳಸಿ ತಯಾರಿಸಿದ ಥಂಡರ್‌ಬರ್ಡ್ಸ್ ಎಂಬ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿ 1965ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. ಅದರಲ್ಲಿ ಲೇಡಿ ಪೆನೆಲೊಪಿ ಓಡಾಡುವುದು ಆರು ಚಕ್ರದ ಗುಲಾಬಿ ರೋಲ್ಸ್ ರಾಯ್ಸ್‌ನಲ್ಲಿ. ಬ್ರಿಟನ್ನಿನ ಆಟಿಕೆ ವಾಹನಗಳ ಬ್ರ್ಯಾಂಡ್ ಡಿಂಕಿ ಟಾಯ್ಸ್ 1966ರಲ್ಲಿ ಇದನ್ನು ಲೋಹದಲ್ಲಿ ಎರಕ ಹೊಯ್ದು 100ನೇ ಸಂಖ್ಯೆಯ ಮಾದರಿಯಾಗಿ ಮಾರಿತು. ಪಾರದರ್ಶಕ ಚಾವಣಿ ಜಾರುತ್ತದೆ, ಒಳಗೆ ಪೆನೆಲೊಪಿ ಮತ್ತು ಚಾಲಕ ಪಾರ್ಕರ್ ಕೂತಿರುತ್ತಾರೆ, ಮುಂದಿನಿಂದ ಒಂದು ಪ್ಲಾಸ್ಟಿಕ್ ರಾಕೆಟ್ ಹಾರುತ್ತದೆ, ಹಿಂದಿನಿಂದ ನಾಲ್ಕು ಸಣ್ಣ ಈಟಿಗಳು. ಹಾರುವುದೆಂದರೆ ನಿಜವಾಗಿಯೂ ಹಾರುವುದು. ಸೋಫಾದ ಕೆಳಗೆ, ಹುಲ್ಲಿನೊಳಗೆ, ನಾಯಿಯ ಬಾಯಿಗೆ. ಅಂಗಡಿಯಿಂದ ಮನೆಗೆ ಬಂದ ವಾರದೊಳಗೆ ಕನಿಷ್ಠ ಒಂದಾದರೂ ಕಾಣೆಯಾಗಿರುತ್ತಿತ್ತು ಎಂದು ಮಾರಲು ತರುವವರೇ ನಗುತ್ತ ಹೇಳುತ್ತಾರೆ.

ನಮ್ಮ ವ್ಯಾಪಾರ ನಿಂತಿರುವುದು ಈ ಕಾಣೆಯಾದವುಗಳ ಮೇಲೆ. ಅಂಗೈ ತುಂಬುವ ಲೋಹದ ಕಾರು ಉಳಿದುಕೊಳ್ಳುತ್ತದೆ. ಬೆಂಕಿಕಡ್ಡಿಗಿಂತ ಚಿಕ್ಕದಾದ ಈಟಿ ಉಳಿಯುವುದಿಲ್ಲ, ಅದನ್ನಿಟ್ಟ ರಟ್ಟಿನ ಪೆಟ್ಟಿಗೆ ಉಳಿಯುವುದೇ ಇಲ್ಲ. ಖಾಲಿ ಪೆಟ್ಟಿಗೆಗಳನ್ನೇ ನಾವು ಬೇರೆ ಲಾಟ್ ಮಾಡಿ ಮಾರಿದ್ದುಂಟು. ಒಮ್ಮೆ ಕಾರಿಗಿಂತ ಪೆಟ್ಟಿಗೆಗೇ ಹೆಚ್ಚು ಬಂದಾಗ ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಹಲಸಿನ ಹಣ್ಣು ಎಸೆದು ಸಿಪ್ಪೆ ಮಾರುವ ಊರೇನೋ ಅದು?” ಎಂದರು.

ನನ್ನ ಎರಡನೆಯ ವರ್ಷದಲ್ಲಿ ಒಂದು ಫ್ಯಾಬ್ 1 ಬಂತು. ಬಣ್ಣ ಮೊದಲಿನದೇ, ರಿವೆಟ್ಟುಗಳಿಗೆ ಯಾರೂ ಕೈ ಹಾಕಿರಲಿಲ್ಲ. ಪೆಟ್ಟಿಗೆಯ ಮುಚ್ಚಳದ ಕಿವಿ ಒಂದು ಕಡೆ ಹರಿದಿತ್ತಷ್ಟೇ. ರಾಕೆಟ್ ಇತ್ತು, ನಾಲ್ಕು ಈಟಿಗಳೂ ಇದ್ದವು. ನಾಲ್ಕೂ! ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು. ಬದಲಿಗೆ ಸಂತೋಷ ಬಂತು. ಎಣಿಸಿದೆ, ಕ್ಯಾಟಲಾಗಿನಲ್ಲಿ ‘ಪೂರ್ಣ, ಎಲ್ಲ ಭಾಗಗಳೂ ಮೂಲದವು’ ಎಂದು ಬರೆದೆ, ಅಂದಾಜನ್ನು ಏರಿಸಿದೆ. ಅದು ಅಂದಾಜನ್ನೂ ದಾಟಿ ಮಾರಾಟವಾಯಿತು.

ಹತ್ತು ದಿನಕ್ಕೆ ಕೊಂಡವರ ಪತ್ರ ಬಂತು. ಜೊತೆಗೆ ಈಟಿಯನ್ನು ಬಹಳ ಹತ್ತಿರದಿಂದ ತೆಗೆದ ಎರಡು ಫೋಟೋ. ಬೈಗುಳ ಒಂದೂ ಇರಲಿಲ್ಲ, ಇದ್ದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು. ನಾಲ್ಕರಲ್ಲಿ ಮೂರು ಈಟಿಗಳ ಮೈಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳು ಕಾಣುತ್ತಿದ್ದವು.

ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬುತ್ತಾರೆ. ಅಚ್ಚಿನ ಎರಡು ಹೋಳು ಕೂಡುವಲ್ಲಿ ಕೂದಲಿನಂಥ ಗೆರೆ ಬೀಳುತ್ತದೆ, ಪ್ಲಾಸ್ಟಿಕ್ ಒಳಹೊಕ್ಕ ಜಾಗದಲ್ಲಿ ಮುರಿದ ಸಣ್ಣ ಗಾಯ ಉಳಿಯುತ್ತದೆ. ನಕಲು ಮಾಡುವವರು ಸಾಮಾನ್ಯವಾಗಿ ಮೂಲ ಭಾಗದ ಸುತ್ತ ಸಿಲಿಕೋನ್ ಸುರಿದು ಅಚ್ಚು ತೆಗೆದು, ಅದರಲ್ಲಿ ರೆಸಿನ್ ಎರೆಯುತ್ತಾರೆ. ಒತ್ತಡವಿಲ್ಲದ ಕಾರಣ ಗಾಳಿ ಒಳಗೇ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ರೆಸಿನ್ ಗಟ್ಟಿಯಾಗುವಾಗ ತುಸು ಕುಗ್ಗುವುದರಿಂದ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಸಣ್ಣದಾಗಿ, ರಂಧ್ರದಲ್ಲಿ ಸಡಿಲವಾಗಿ ಕೂರುತ್ತದೆ. ಇಷ್ಟೂ ನನಗೆ ಗೊತ್ತಿತ್ತು! ಹತ್ತು ಪಟ್ಟು ಹಿಗ್ಗಿಸುವ ಭೂತಕನ್ನಡಿ ಅದೇ ಮೇಜಿನ ಎಡಗಡೆ ಇತ್ತು. ಕಾರನ್ನು ಅದರಡಿ ಇಟ್ಟು ಇಪ್ಪತ್ತು ನಿಮಿಷ ನೋಡಿದವನು ಈಟಿಗಳನ್ನು ಬರಿಗಣ್ಣಿನಲ್ಲಿ ಎಣಿಸಿ ಬಿಟ್ಟಿದ್ದೆ.

ಸಂಸ್ಥೆ ಕಾರನ್ನು ಹಿಂದಕ್ಕೆ ಪಡೆದು ಹಣ ವಾಪಸು ಕೊಟ್ಟಿತು. ಮಾರಲು ಕೊಟ್ಟವರಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅವರು ವಂಚಕರಲ್ಲ. ಕಾರು ತೀರಿಹೋದ ಅವರ ಅಣ್ಣನದು. ಈಟಿಗಳನ್ನು ಅವನು ಯಾವಾಗ ತರಿಸಿಕೊಂಡನೋ ಅವರಿಗೆ ತಿಳಿಯದು. ತನ್ನ ಕಪಾಟಿನಲ್ಲಿ ಕಾರು ಚೆಂದ ಕಾಣಲಿ ಎಂದಷ್ಟೇ ಆತ ತರಿಸಿರಬೇಕು. ನಕಲಿ ಭಾಗ ಹಾಕಿದವರೆಲ್ಲ ಮೋಸಗಾರರು ಎಂಬ ನನ್ನ ಕಲ್ಪನೆ ಆ ಫೋನಿನಲ್ಲಿ ಮುಗಿಯಿತು. ಮೂಲದ್ದೆಂದು ಬರೆದವನು ನಾನು, ಅವರಲ್ಲ.

ಅಂದಿನಿಂದ ‘ಪೂರ್ಣ’ ಎಂಬ ಪದವನ್ನು ನಾನು ಕ್ಯಾಟಲಾಗಿನಲ್ಲಿ ಬರೆಯುವುದಿಲ್ಲ. ಏನೇನು ಇದೆ, ಅದರಲ್ಲಿ ಯಾವುದು ಮೂಲದ್ದು, ಯಾವುದರ ಬಗ್ಗೆ ಅನುಮಾನ, ಹೀಗೆ ಒಂದೊಂದನ್ನೇ ಹೆಸರಿಸುತ್ತೇನೆ. ವಿವರಣೆ ನಾಲ್ಕು ಸಾಲಿನಿಂದ ಒಂಬತ್ತು ಸಾಲಿಗೆ ಬೆಳೆಯುತ್ತದೆ, ಪುಟ ವಿನ್ಯಾಸ ಮಾಡುವ ಹುಡುಗಿ ಗೊಣಗುತ್ತಾಳೆ.

ಮೈಸೂರಿನಲ್ಲಿರುವ ಅಣ್ಣನ ಮಗ ಕಳೆದ ವರ್ಷ ಒಂದು ಫೋಟೋ ಕಳಿಸಿದ. ಅದೇ ಧಾರಾವಾಹಿಯ ಸಾಗಣೆ ವಿಮಾನ, ಡಿಂಕಿಯ ಥಂಡರ್‌ಬರ್ಡ್ 2, ನೀಲಿ ಬಣ್ಣದ್ದು. “ಚಿಕ್ಕಪ್ಪ, ಇದು ಈ ಬೆಲೆ ಬಾಳುತ್ತದೆಯೇ? ಬಣ್ಣ ಬೇರೆ ಇದೆಯಲ್ಲ, ಅಪರೂಪದ್ದು ಅನ್ನುತ್ತಿದ್ದಾರೆ” ಎಂದು ಕೇಳಿದ. ಟಿವಿಯಲ್ಲಿ ಆ ವಿಮಾನ ಹಸಿರು. 1967ರಲ್ಲಿ ಬಂದ 101ನೇ ಸಂಖ್ಯೆಯ ಮಾದರಿಯೂ ಹಸಿರೇ. ನೀಲಿಯದು ಎಪ್ಪತ್ತರ ದಶಕದಲ್ಲಿ ಬಂದ 106. ಬಣ್ಣ ತಪ್ಪಿದ್ದೆಲ್ಲ ಅಪರೂಪವಲ್ಲ. ಡಿಂಕಿಗೆ ಬಣ್ಣದ ವಿಷಯದಲ್ಲಿ ಟಿವಿಯ ಹಂಗಿರಲಿಲ್ಲ, ಯುಎಫ್‌ಒ ಎಂಬ ಇನ್ನೊಂದು ಧಾರಾವಾಹಿಯಲ್ಲಿ ಬೆಳ್ಳಗಿದ್ದ ಇಂಟರ್‌ಸೆಪ್ಟರ್ ನೌಕೆಯನ್ನೂ ಹಸಿರು ಮಾಡಿಯೇ ಮಾರಿತು. ಸಂಗ್ರಾಹಕರು ಸಾಮಾನ್ಯವಾಗಿ ಹೆಚ್ಚು ಕೊಡುವುದು ಹಳೆಯ ಹಸಿರಿಗೆ.

ಅವನಿಗೆ ಬಣ್ಣಕ್ಕಿಂತ ಮುಖ್ಯವಾದ ಎರಡು ಪ್ರಶ್ನೆ ಕೇಳಿದೆ. ಹೊಟ್ಟೆಯ ಪೆಟ್ಟಿಗೆಯಲ್ಲಿ ಇರಬೇಕಾದ ಪುಟಾಣಿ ಹಳದಿ ಜಲಾಂತರ್ಗಾಮಿ, ಥಂಡರ್‌ಬರ್ಡ್ 4, ಇದೆಯೇ? ನೀನು ನೋಡಿದ್ದು ಮಾರುವವನು ಕೇಳುತ್ತಿರುವ ಬೆಲೆಯೋ, ಯಾರಾದರೂ ನಿಜವಾಗಿ ಕೊಟ್ಟ ಬೆಲೆಯೋ? ಎರಡನೆಯದಕ್ಕೆ ಅವನು ಸುಮ್ಮನಾದ. ಕೇಳುವುದಕ್ಕೆ ಯಾರಿಗೂ ಖರ್ಚಿಲ್ಲ. ಅದೇ ವಸ್ತು ಹರಾಜುಗಳಲ್ಲಿ ಎಷ್ಟಕ್ಕೆ ಹೋಗಿದೆ ಎಂಬ ಹಳೆಯ ಫಲಿತಾಂಶಗಳನ್ನು ಹುಡುಕಿ ನೋಡು ಎಂದೆ. ಅಲ್ಲೂ ಒಂದು ಲೆಕ್ಕ ತಪ್ಪುತ್ತದೆ. ಸುತ್ತಿಗೆ ಬಿದ್ದ ಬೆಲೆ, ಅಂದರೆ ಹರಾಜಿನ ಕೊನೆಯ ಕೂಗು, ಕೊಂಡವರ ಜೇಬಿನಿಂದ ಹೋದ ಬೆಲೆಯಲ್ಲ. 100 ಪೌಂಡಿಗೆ ಬಿದ್ದಿತೆನ್ನಿ, ಸಂಸ್ಥೆಯ ಶುಲ್ಕ ಶೇ 25 ಎನ್ನಿ, ಆ ಶುಲ್ಕದ ಮೇಲೆ ಶೇ 20 ತೆರಿಗೆ. ಒಟ್ಟು 130 ಪೌಂಡ್. ಮೈಸೂರಿಗೆ ತರಿಸುವ ಸಾಗಣೆ, ಸುಂಕ ಅದರ ಮೇಲೆ.

“ಹಾಗಾದರೆ ಹೂಡಿಕೆ ಎಂದು ಕೊಳ್ಳಬಹುದೇ?” ಎಂದ. ಈ ಪ್ರಶ್ನೆ ಬಂದಾಗ ನಾನು ಲೆಗೊದ ಉದಾಹರಣೆ ಹೇಳುತ್ತೇನೆ. 2007ರಲ್ಲಿ ಬಂದ 5,195 ತುಂಡುಗಳ ಮಿಲೇನಿಯಂ ಫಾಲ್ಕನ್, ಸ್ಟಾರ್ ವಾರ್ಸ್ ಸಿನಿಮಾದ ನೌಕೆ, ಆಗ ಸುಮಾರು 500 ಡಾಲರ್. ತಯಾರಿಕೆ ನಿಂತ ಮೇಲೆ ಸಾವಿರಗಟ್ಟಲೆ ಡಾಲರಿಗೆ ಏರಿತು. 2017ರಲ್ಲಿ ಅದೇ ಕಂಪನಿ 7,541 ತುಂಡುಗಳ ಹೊಸ ಫಾಲ್ಕನ್ನನ್ನು 800 ಡಾಲರಿಗೆ ತಂದಿತು, ಹಳೆಯದರ ಬೆಲೆ ಜಾರಿತು. ಅಚ್ಚಿನ ಒಡೆಯ ಬದುಕಿರುವವರೆಗೂ ಈ ಭಯ ಇದ್ದದ್ದೇ. ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿದ್ದ ಡಿಂಕಿ ಕಾರ್ಖಾನೆ 1979ರಲ್ಲಿ ಮುಚ್ಚಿತು, ಅದು ಮತ್ತೆ ತೆರೆಯುವುದಿಲ್ಲ. ಆದರೆ ಡಿಂಕಿಗೆ ಬೇರೊಂದು ತೊಂದರೆಯಿದೆ. 1966ರಲ್ಲಿ ಎಂಟು ವರ್ಷದ ಹುಡುಗನಾಗಿದ್ದವನಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು. ಮೊದಲು ಅವರು ಕೊಳ್ಳಲು ಬರುತ್ತಿದ್ದರು, ಈಗ ಅವರ ಮಕ್ಕಳು ಪೆಟ್ಟಿಗೆ ಪೆಟ್ಟಿಗೆ ಹೊತ್ತು ಮಾರಲು ಬರುತ್ತಾರೆ. ಪೆಟ್ಟಿಗೆಸಹಿತ ಅತ್ಯುತ್ತಮವಾಗಿರುವವು ತಮ್ಮ ಬೆಲೆ ಉಳಿಸಿಕೊಂಡಿವೆ, ನಡುವಿನವು ಇಳಿಯುತ್ತಿವೆ. ನನ್ನ ಮೇಜಿನಿಂದ ಕಾಣುವುದು ಇಷ್ಟು. ಹುಡುಗ ನೀಲಿ ವಿಮಾನವನ್ನು ಕೊಂಡ, ಕೇಳಿದ್ದರ ಅರ್ಧ ಬೆಲೆಗೆ, ಹಳದಿ ಮರಿ ಇಲ್ಲದೆ. ಪುಸ್ತಕದ ಕಪಾಟಿನ ಮೇಲಿಟ್ಟು ಫೋಟೋ ಕಳಿಸಿದ್ದಾನೆ.

ಆ ಫ್ಯಾಬ್ 1 ಏನಾಯಿತು ಎಂದು ಹೇಳದೆ ಬಿಟ್ಟೆ. ಮೂರು ತಿಂಗಳ ನಂತರ ಅದನ್ನು ಮತ್ತೆ ಹರಾಜಿಗಿಟ್ಟೆವು. ಈ ಬಾರಿ ‘ಒಂದು ಈಟಿ ಮೂಲದ್ದು, ಮೂರು ನಂತರ ಮಾಡಿದ ನಕಲು’ ಎಂದು ಬರೆದೆ, ಅಂದಾಜು ಇಳಿಸಿದೆ. ಮೊದಲ ಬೆಲೆಯ ಮುಕ್ಕಾಲು ಭಾಗಕ್ಕೆ ಸುತ್ತಿಗೆ ಬಿತ್ತು. ಸಂಜೆ ಬಿಲ್ಲು ಬರೆಯುವಾಗ ಕೊಂಡವರ ಹೆಸರು ನೋಡಿದೆ. ನನಗೆ ಗುಳ್ಳೆಯ ಫೋಟೋ ಕಳಿಸಿದ್ದವರೇ.