ಕ್ಯೂ3 ತಗೊಳ್ಳಲ್ಯೋ, ಎಕ್ಸ್‌ಸಿ40 ತಗೊಳ್ಳಲ್ಯೋ?

ಹುಬ್ಬಳ್ಳಿ-ಧಾರವಾಡದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುಂಚೆ ಒಮ್ಮೆ ನನಗೆ ತೋರಿಸಿ ಹೋಗುವವರು ಸಾಕಷ್ಟು ಜನ. ಇತ್ತೀಚೆಗೆ ಅವರಲ್ಲಿ ಹೆಚ್ಚಿನವರದು ಒಂದೇ ಪ್ರಶ್ನೆ. "ಸರ, ಆಡಿ ಕ್ಯೂ3 ತಗೊಳ್ಳಲ್ಯೋ, ವೋಲ್ವೋ ಎಕ್ಸ್‌ಸಿ40 ತಗೊಳ್ಳಲ್ಯೋ? ಮನ್ಯಾಗ ಸಣ್ಣ ಹುಡುಗ್ರು ಅದಾರ. ಸೇಫ್ಟಿ ಯಾವುದ್ರಾಗ ಜಾಸ್ತಿ ಐತಿ, ಅಷ್ಟ ಹೇಳಿಬಿಡ್ರಿ."

ಅಷ್ಟೇ ಹೇಳುವುದಾದರೆ, ಎಕ್ಸ್‌ಸಿ40. ಆದರೆ ಸೇಫ್ಟಿ ಪರೀಕ್ಷೆಯಲ್ಲಿ ಬಂದ ಸ್ಟಾರ್ ನೋಡಿ ಹೇಳುತ್ತಿಲ್ಲ. ಸ್ಟಾರ್ ನೋಡಿದರೆ ಎರಡೂ ಒಂದೇ.

ಎರಡನ್ನೂ ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಸಂಸ್ಥೆ ಯೂರೋ ಎನ್‌ಕ್ಯಾಪ್ 2018ರಲ್ಲಿ ಗುದ್ದಿಸಿ ನೋಡಿದೆ. ಎರಡಕ್ಕೂ 5 ಸ್ಟಾರ್. ದೊಡ್ಡವರ ರಕ್ಷಣೆಯಲ್ಲಿ ವೋಲ್ವೋಗೆ ಶೇ 97, ಆಡಿಗೆ ಶೇ 95. ಮಕ್ಕಳ ರಕ್ಷಣೆಯಲ್ಲಿ 87 ಮತ್ತು 86. ಈ ಒಂದೆರಡು ಅಂಕಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದೇ ವರ್ಷ ಪರೀಕ್ಷೆ ಆಗಿರುವುದರಿಂದ ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಬಹುದು ಅನ್ನುವುದೇ ಸಮಾಧಾನ. ನಡುವೆ ಒಬ್ಬರು ಬಂದು "ಬಿಎಂಡಬ್ಲ್ಯೂ ಎಕ್ಸ್1ಗೆ ದೊಡ್ಡವರ ರಕ್ಷಣ್ಯಾಗ ಬರೀ 86 ಬಂದೈತಲ್ರೀ" ಅನ್ನುತ್ತಾರೆ. ಅದು 2022ರ ಪರೀಕ್ಷೆ. 2020ರಲ್ಲಿ ಯೂರೋ ಎನ್‌ಕ್ಯಾಪ್ ಪರೀಕ್ಷೆಯನ್ನೇ ಬದಲಿಸಿ ಬಿಗಿ ಮಾಡಿತು. ಹಳೇ ಸಿಲೆಬಸ್‌ನ 97ನ್ನು ಹೊಸ ಸಿಲೆಬಸ್‌ನ 86ಕ್ಕೆ ಹೋಲಿಸಿದಂತೆ ಆಗುತ್ತದೆ. ಹಾಗೆಯೇ, ಈ ಮಾತೆಲ್ಲ 2022ರಲ್ಲಿ ನಮ್ಮಲ್ಲಿಗೆ ಬಂದ ಎರಡನೇ ತಲೆಮಾರಿನ ಕ್ಯೂ3 ಬಗ್ಗೆ. ಅದಕ್ಕಿಂತ ಹಿಂದಿನ ಕ್ಯೂ3ಯ ರೇಟಿಂಗ್ 2011ರದ್ದು. ಅಗ್ಗಕ್ಕೆ ಸಿಗುತ್ತದೆ ಅಂತ ಅದನ್ನು ಈ ಸಾಲಿಗೆ ಸೇರಿಸಬೇಡಿ.

ಈಗ ಕುತೂಹಲದ ವಿಷಯಕ್ಕೆ ಬರೋಣ. ಅದೇ ಪರೀಕ್ಷೆಯಲ್ಲಿ ಸೇಫ್ಟಿ ಅಸಿಸ್ಟ್ ಅಂತ ಒಂದು ವಿಭಾಗವಿದೆ. ತಾನಾಗಿ ಬ್ರೇಕ್ ಹಾಕುವುದು, ಲೇನ್ ಬಿಟ್ಟರೆ ಎಚ್ಚರಿಸುವುದು ಇವೆಲ್ಲ ಅದರಲ್ಲಿ ಬರುತ್ತವೆ. ಅದರಲ್ಲಿ ಆಡಿಗೆ 85, ವೋಲ್ವೋಗೆ 76. ಅಂದಮೇಲೆ ಆಡಿಯೇ ಮುಂದೆ, ಅಲ್ವಾ? ಕಾಗದದ ಮೇಲೆ ಹೌದು. ಆದರೆ ಆ 85 ಬಂದದ್ದು ಯುರೋಪಿನ ಕ್ಯೂ3ಗೆ. ನಮ್ಮ ದೇಶಕ್ಕೆ ಬಂದ ಕ್ಯೂ3ಯಲ್ಲಿ ತಾನಾಗಿ ಬ್ರೇಕ್ ಹಾಕುವ ಆ ವ್ಯವಸ್ಥೆಯೇ ಇಲ್ಲ. ಏರ್‌ಬ್ಯಾಗ್ ಇವೆ, ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ ಇದೆ, ಮಕ್ಕಳ ಸೀಟು ಗಟ್ಟಿಯಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇದೆ. ಮುಂದಿರುವುದನ್ನು ಗುರುತಿಸಿ ಬ್ರೇಕ್ ಹಾಕುವ ರೇಡಾರ್ ಕೆಲಸ ಮಾತ್ರ ಇಲ್ಲ. ಎಕ್ಸ್‌ಸಿ40 ಇಲ್ಲಿಗೂ ರೇಡಾರ್ ಇಟ್ಟುಕೊಂಡೇ ಬಂತು.

ಇದು ನಮ್ಮ ಭಾಗದವರಿಗೆ ಯಾಕೆ ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2018ರ ಆ ಪರೀಕ್ಷೆಯಲ್ಲಿ ಕಾರಿನ ಮುಂಭಾಗದ ಶೇ 40ರಷ್ಟನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೆ ಗುದ್ದಿಸುತ್ತಿದ್ದರು. ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸ್ ನೆನಪಿಸಿಕೊಳ್ಳಿ. ಗಬ್ಬೂರಿನಿಂದ ನರೇಂದ್ರದವರೆಗೆ ಡಿವೈಡರ್ ಇಲ್ಲದ ಎರಡೇ ಲೇನು ಇತ್ತು. ಓವರ್‌ಟೇಕ್ ಮಾಡಲು ಹೋದವರು ಎದುರಿನ ಗಾಡಿಗೆ ಬಡಿದದ್ದಕ್ಕೆ ಲೆಕ್ಕವಿಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೋ ಟ್ರಾವೆಲರ್ ಟಿಪ್ಪರ್‌ಗೆ ಡಿಕ್ಕಿಯಾದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅದಾದ ಮೇಲೆಯೇ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು.

ಇಂಥ ರಸ್ತೆಗಳಲ್ಲಿ ಯಾರೂ 64ರಲ್ಲಿ ಹೋಗುವುದಿಲ್ಲ. 100ರಲ್ಲಿ ಗುದ್ದಿದರೆ ಆ ಹೊಡೆತದ ಶಕ್ತಿ 64ರಲ್ಲಿ ಗುದ್ದಿದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು. ವೇಗ ಹೆಚ್ಚಿದಂತೆ ಶಕ್ತಿ ಅದರ ವರ್ಗದಷ್ಟು ಹೆಚ್ಚುತ್ತದೆ, ಶಾಲೆಯಲ್ಲಿ ಓದಿದ್ದೇವಲ್ಲ. 64ರ ಹೊಡೆತ ತಡೆಯಲು ಆಡಿಯ ಬಾಡಿಯೂ ಗಟ್ಟಿ, ವೋಲ್ವೋ ಬಾಡಿಯೂ ಗಟ್ಟಿ. ಆದರೆ ಚಾಲಕನ ಗಮನ ಒಂದು ಕ್ಷಣ ತಪ್ಪಿದಾಗ 100ರಿಂದ 64ಕ್ಕೆ ಇಳಿಸುವವರು ಯಾರು? ನನ್ನ ಮಟ್ಟಿಗೆ ಈ ಎರಡು ಗಾಡಿಗಳ ನಡುವಿನ ವ್ಯತ್ಯಾಸ ಇಷ್ಟೇ. ತಾನಾಗಿ ಬೀಳುವ ಬ್ರೇಕ್ ಪ್ರತಿ ಸಲ ಗಾಡಿಯನ್ನು ನಿಲ್ಲಿಸಲೇಬೇಕು ಅಂತೇನಿಲ್ಲ. ವೇಗ ಇಳಿಸಿಕೊಟ್ಟರೆ ಸಾಕು, ಉಳಿದದ್ದನ್ನು ಬಾಡಿ, ಬೆಲ್ಟು, ಏರ್‌ಬ್ಯಾಗು ನೋಡಿಕೊಳ್ಳುತ್ತವೆ.

ಹಾಗಂತ ಅದನ್ನೇ ನಂಬಿಕೊಂಡು ಕೂತರೆ ಆಗುವುದಿಲ್ಲ. ಕಬ್ಬಿನ ಸೀಸನ್‌ನಲ್ಲಿ ರಾತ್ರಿ ಹೊತ್ತು ಧಾರವಾಡದಿಂದ ಹಳಿಯಾಳಕ್ಕೆ ಹೋಗಿ ನೋಡಿ. ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರೇಲರ್, ಹಿಂದೆ ಲೈಟಿಲ್ಲ, ರೇಡಿಯಂ ಸ್ಟಿಕ್ಕರ್ ಮಣ್ಣಲ್ಲಿ ಮುಚ್ಚಿರುತ್ತದೆ, ಕಬ್ಬು ಆ ಕಡೆ ಈ ಕಡೆ ಚಾಚಿಕೊಂಡಿರುತ್ತದೆ. ಅಂಥದ್ದನ್ನು ಯಾವ ಕಂಪನಿಯೂ ಲ್ಯಾಬಿನಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿಲ್ಲ. ವೋಲ್ವೋದ ಸಿಟಿ ಸೇಫ್ಟಿ, ಅಂದರೆ ಆ ತಾನಾಗಿ ಬೀಳುವ ಬ್ರೇಕ್, ದೊಡ್ಡ ಪ್ರಾಣಿಗಳನ್ನೂ ಗುರುತಿಸುತ್ತದೆ, ನಿಜ. ಆದರೆ ಅದು ಕಲಿತದ್ದು ಸ್ವೀಡನ್ನಿನ ಕಾಡುಕೋಣದಷ್ಟು ದೊಡ್ಡ ಮೂಸ್ ಅನ್ನುವ ಜಿಂಕೆ ನೋಡಿ. ಆಸ್ಟ್ರೇಲಿಯಾಕ್ಕೆ ಹೋದಾಗ ಕಾಂಗರೂ ಜಿಗಿತ ನೋಡಿ ದೂರ ಲೆಕ್ಕ ಹಾಕಲು ಅದಕ್ಕೆ ತೊಂದರೆಯಾಗಿತ್ತು ಅಂತ 2017ರಲ್ಲಿ ಕಂಪನಿಯವರೇ ಒಪ್ಪಿಕೊಂಡಿದ್ದರು. ನಮ್ಮ ಹುಬ್ಬಳ್ಳಿ ಹಂದಿ ಗಾಲಿ ಬುಡಕ್ಕೆ ನುಗ್ಗಿದರೆ ಬ್ರೇಕ್ ಮೇಲಿನ ನಿಮ್ಮ ಕಾಲೇ ಗತಿ.

ಊರೊಳಗೆ ಇನ್ನೊಂದು ಕಿರಿಕಿರಿ. ಚೆನ್ನಮ್ಮ ಸರ್ಕಲ್‌ನಲ್ಲಿ ಸ್ಕೂಟಿಯವರು ಬಂಪರ್ ಸವರಿಕೊಂಡೇ ನುಗ್ಗುತ್ತಾರೆ. ಗಾಡಿ ಗಾಬರಿಯಾಗಿ ಗಕ್ಕನೆ ನಿಂತರೆ ಹಿಂದಿನ ಆಟೋದವನು ಬಂದು ನಿಮ್ಮ ಗಾಡಿಯ ಹಿಂಭಾಗಕ್ಕೆ ಗುದ್ದುತ್ತಾನೆ. ಇದಕ್ಕೇ ಕೆಲವರು ಇಂಥ ಫೀಚರ್‌ಗಳನ್ನೆಲ್ಲ ಆಫ್ ಮಾಡಿಸುತ್ತಾರೆ. ಲೇನ್ ಅಸಿಸ್ಟ್ ಬೇಕಾದರೆ ಆಫ್ ಇಡಿ, ನಮ್ಮಲ್ಲಿ ಲೇನೇ ಇಲ್ಲ. ಬ್ರೇಕಿನ ತಂಟೆಗೆ ಮಾತ್ರ ಹೋಗಬೇಡಿ. ಎಚ್ಚರಿಕೆ ಎಷ್ಟು ಬೇಗ ಕೊಡಬೇಕು ಅನ್ನುವ ಸೆಟ್ಟಿಂಗ್ ಇರುತ್ತದೆ, ಅದನ್ನು ತಡವಾಗಿ ಅಂತ ಇಟ್ಟರೆ ಕಾಟ ಕಡಿಮೆಯಾಗುತ್ತದೆ.

ಇನ್ನು ಹಿಂದಿನ ಸೀಟು. ಇಲ್ಲಿ ನಾನು ಸ್ವಲ್ಪ ಖಾರವಾಗಿಯೇ ಮಾತಾಡುತ್ತೇನೆ. ನಲವತ್ತು ಲಕ್ಷದ ಗಾಡಿ, ಹಿಂದೆ ಅಜ್ಜಿ, ತೊಡೆ ಮೇಲೆ ಮೊಮ್ಮಗ, ಬೆಲ್ಟಿನ ಬಕಲ್ ಸೀಟ್ ಕವರ್ ಕೆಳಗೆ ಹೂತುಹೋಗಿರುತ್ತದೆ. ಇವತ್ತು ನಾವು ಹಾಕುವ ಮೂರು ಪಾಯಿಂಟಿನ ಬೆಲ್ಟನ್ನು 1959ರಲ್ಲಿ ಮಾಡಿದ್ದು ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್. ಕಂಪನಿ ಅದನ್ನು ಬೇರೆಯವರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಹಾಗಾಗಿ ಅದು ಆಡಿಯಲ್ಲೂ ಇದೆ, ಆಲ್ಟೋದಲ್ಲೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡದ್ದೂ ದೊಡ್ಡ ಬೆಲೆಯ ಗಾಡಿಯಲ್ಲೇ. ಮುಂದೆ ಕೂತಿದ್ದ ಇಬ್ಬರು ಬದುಕಿದರು, ಹಿಂದೆ ಕೂತಿದ್ದ ಇಬ್ಬರೂ ಹೋದರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ನೀವು ಹಿಂದೆ ಬೆಲ್ಟ್ ಹಾಕಿಸುವವರಲ್ಲ ಅಂದರೆ ನನ್ನ ಹತ್ತಿರ ಕ್ಯೂ3ಯೋ ಎಕ್ಸ್‌ಸಿ40ಯೋ ಅಂತ ಕೇಳಲೇಬೇಡಿ, ಬಣ್ಣ ನೋಡಿ ತಗೊಳ್ಳಿ.

ಸೀಟ್ ಕವರ್ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪಕ್ಕದ ಏರ್‌ಬ್ಯಾಗ್ ಹೊರಬರುವುದು ಮುಂದಿನ ಸೀಟಿನ ಬದಿಯ ಹೊಲಿಗೆ ಹರಿದುಕೊಂಡು. ಅದರ ಮೇಲೆ ದಪ್ಪ ರೆಕ್ಸಿನ್ ಬಿಗಿದು ಹೊಲಿಸಿದರೆ ಅದು ಹೊರಗೆ ಬರುವುದು ಹೇಗೆ?

ಎಕ್ಸ್‌ಸಿ40 ಅಂತ ತೀರ್ಮಾನ ಮಾಡಿದವರು ನೋಡಬೇಕಾದ ಜಾಗ ಮುಂದಿನ ಗ್ಲಾಸು. ಆ ಬ್ರೇಕಿಗೆ ರಸ್ತೆ ತೋರಿಸುವ ಕ್ಯಾಮೆರಾ ಇರುವುದು ಅದರ ಮೇಲ್ಭಾಗದಲ್ಲಿ, ಕನ್ನಡಿಯ ಹಿಂದೆ. ಜಲ್ಲಿ ಟಿಪ್ಪರ್‌ಗಳ ಹಿಂದೆ ಓಡಿಸಿದ ಗಾಡಿಯಲ್ಲಿ ಗ್ಲಾಸು ಬದಲಾಗಿರುವುದು ಮಾಮೂಲು. ಬದಲಾದ ಮೇಲೆ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕು, ಅಂದರೆ ಅದರ ನೋಟ ಸರಿಯಾಗಿ ಹೊಂದಿಸಬೇಕು. ಹೊರಗಿನ ಅಂಗಡಿಯಲ್ಲಿ ಗ್ಲಾಸು ಕೂರಿಸಿ ಸುಮ್ನೆ ಕಳಿಸಿಬಿಟ್ಟಿರುತ್ತಾರೆ. ಗ್ಲಾಸಿನ ಮೂಲೆಯ ಗುರುತು ಉಳಿದ ಗ್ಲಾಸುಗಳಿಗೆ ಹೊಂದುತ್ತದೆಯಾ ನೋಡಿ, ಹೊಂದದಿದ್ದರೆ ಸರ್ವಿಸ್ ಬಿಲ್ ಕೇಳಿ. ಕ್ಯಾಮೆರಾ ಮುಂದೆ ಸಿದ್ಧಾರೂಢರ ಸ್ಟಿಕ್ಕರ್ ಅಂಟಿಸಿದ್ದರೆ ಭಕ್ತಿಯಿಂದ ತೆಗೆದು ಡ್ಯಾಶ್‌ಬೋರ್ಡ್ ಮೇಲೆ ಇಡಿ. ವೇರಿಯಂಟ್ ಪ್ರಕಾರ ಫೀಚರ್ ಪಟ್ಟಿಯೂ ಬೇರೆಯಾಗುತ್ತದೆ. ಆದ್ದರಿಂದ ಮಾರುವವರ ಬಾಯಿಮಾತು ಕೇಳದೆ, ಗಾಡಿ ಸ್ಟಾರ್ಟ್ ಮಾಡಿ ಸ್ಕ್ರೀನಿನಲ್ಲಿ ನೀವೇ ಹುಡುಕಿ. ಏರ್‌ಬ್ಯಾಗ್ ಲೈಟು ಹತ್ತಿ ಆರಬೇಕು. ಹತ್ತದೇ ಇದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆ ಅಂತ ಅನುಮಾನ ಪಡಿ.

ಕ್ಯೂ3 ಓಡಿಸಿ ಮನಸ್ಸು ಕೊಟ್ಟವರು ಅದನ್ನೇ ತಗೊಳ್ಳಿ, ಕೆಟ್ಟ ಗಾಡಿ ಅಲ್ಲವೇ ಅಲ್ಲ. ನಾಲ್ಕೂ ಟೈರಿನ ತಯಾರಿಕೆ ವರ್ಷ ನೋಡಿ, ಹಳೆಯದಿದ್ದರೆ ಹೊಸದು ಹಾಕಿಸಿ ಬೈಪಾಸಿಗೆ ಇಳಿಸಿ. ಬ್ರೇಕ್ ಹಾಕುವುದು ನೀವೊಬ್ಬರೇ ಅನ್ನುವುದು ನೆನಪಿದ್ದರೆ ಆಯಿತು.