ಕಾಫಿ ಹೂವಿನ ಎಂಟನೇ ಬಾಟಲಿ

ಅಮ್ಮತ್ತಿ, ಮಾರ್ಚ್ 16, 2025, ಭಾನುವಾರ

ಕಾಫಿ ಹೂವಿನ ಪರಿಮಳವನ್ನು ಸೆಂಟಾಗಿ ಬಾಟಲಿಗೆ ಇಳಿಸಲು ನೋಡುತ್ತಿದ್ದೇನೆ. ಇವತ್ತು ಜಿಡ್ಡು ಹಚ್ಚಿದ ಕೊನೆಯ ಗಾಜಿನ ತಟ್ಟೆಯ ಹೂವನ್ನೂ ತೆಗೆದೆ. ಒಂದು ವಾರದಿಂದ ಮನೆಯೆಲ್ಲ ಕಾಫಿ ಹೂವಿನ ಘಮ. ನಾಳೆಯಿಂದ ಇರುವುದಿಲ್ಲ ಅಂತ ನೆನೆದರೆ ಬೇಜಾರಾಗುತ್ತದೆ.

ಪಕ್ಕದ ತೋಟದಲ್ಲಿ ಫೆಬ್ರವರಿ ಕೊನೆಗೆ ಸ್ಪ್ರಿಂಕ್ಲರ್ ಶುರು ಮಾಡಿದ್ದರು. ಅಲ್ಲಿರುವುದು ರೋಬಸ್ಟಾ ಜಾತಿಯ ಕಾಫಿ, ಅದರ ಮೊಗ್ಗಿಗೆ ನೀರು ಬಿದ್ದು ಎಂಟು-ಹತ್ತು ದಿನಕ್ಕೆ ಹೂವು. ಇಡೀ ತೋಟಕ್ಕೆ ಒಂದೇ ದಿನ ನೀರು ಹಾಯಿಸಲು ಆಗುವುದಿಲ್ಲ. ಪೈಪು ಬದಲಿಸುತ್ತಾ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹೋಗುತ್ತಾರೆ, ಹೂವೂ ಅದೇ ಸರದಿಯಲ್ಲಿ ಅರಳುತ್ತದೆ. ನನಗೆ ಬೇಕಾಗಿದ್ದೂ ಅದೇ. ಹೂಮಳೆಗೆ, ಅಂದರೆ ಮೊಗ್ಗು ಅರಳಿಸುವ ಬೇಸಿಗೆ ಮಳೆಗೆ ಅರಳಿದ್ದರೆ ಎಲ್ಲ ಒಟ್ಟಿಗೆ ಬಿಟ್ಟು ಎರಡು-ಮೂರು ದಿನದಲ್ಲಿ ಮುಗಿದುಹೋಗುತ್ತಿತ್ತು.

ಆದರೆ ಹೂವು ಕಿತ್ತರೆ ಹಣ್ಣು ಕಿತ್ತ ಹಾಗೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಆ ಒಂದೆರಡು ದಿನದಲ್ಲಿ ಜೇನು ಮತ್ತು ಗಾಳಿ ಕೆಲಸ ಮುಗಿಸಬೇಕು. ನಾನು ಕೇಳಲು ಹೋದಾಗ ತೋಟದ ಅಕ್ಕ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಬೇಲಿ ಪಕ್ಕದಲ್ಲಿ ಬ್ಲಾಕಿಗೆ ಎರಡು ಗಿಡ ತಗೋ. ಮೂರನೇದಕ್ಕೆ ಕೈ ಹಾಕಬೇಡ" ಅಂದರು. ಅಷ್ಟು ಕೊಟ್ಟಿದ್ದೇ ದೊಡ್ಡದು.

ಈ ಹೂವನ್ನು ಕುದಿಸಿ ಭಟ್ಟಿ ಇಳಿಸಿದರೆ ಬೆಂದ ಸೊಪ್ಪಿನ ವಾಸನೆ ಬರುತ್ತದೆ. ಹೋದ ವರ್ಷ ಮಾಡಿ ನೋಡಿದ್ದೆ. ಕಿತ್ತ ಮೇಲೂ ಇದು ಸಂಜೆವರೆಗೆ ಪರಿಮಳ ಬಿಡುತ್ತಲೇ ಇರುತ್ತದೆ. ಹಾಗಾಗಿ ಫ್ರಾನ್ಸಿನ ಗ್ರಾಸ್ ಊರಿನವರು ಮಲ್ಲಿಗೆ ಜಾತಿಯ ಹೂವುಗಳಿಗೆ ಮಾಡುತ್ತಿದ್ದ ಹಳೇ ಕ್ರಮವೇ ಸರಿ: ಜಿಡ್ಡು ಹಚ್ಚಿದ ಗಾಜಿನ ಮೇಲೆ ಹೂವು ಹಾಸುವುದು, ಮಾರನೇ ದಿನ ತೆಗೆದು ಹೊಸ ಹೂವು ಹಾಕುವುದು. ಅವರದು ಪ್ರಾಣಿ ಕೊಬ್ಬು. ನಾನು ಮೊದಲು ಬರೀ ವಾಸನೆ ತೆಗೆದ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಅದು 25 ಡಿಗ್ರಿ ಹತ್ತಿರ ಬಂದರೆ ಕರಗುತ್ತದೆ. ಮೊದಲ ಮಧ್ಯಾಹ್ನವೇ ಹೂವೆಲ್ಲ ಎಣ್ಣೆಯಲ್ಲಿ ತೇಲುತ್ತಿತ್ತು. ಅರ್ಧಕ್ಕರ್ಧ ಮುರುಗಲ ತುಪ್ಪ (ಮುರುಗಲ ಬೀಜದ ಗಟ್ಟಿ ಜಿಡ್ಡು) ಬೆರೆಸಿದ ಮೇಲೆ ಗಟ್ಟಿ ನಿಂತಿತು. ಆರು ಸಲ ಹೂವು ಬದಲಿಸಿದೆ. ಬೆಳಿಗ್ಗೆ ಏಳಕ್ಕೆ ಮುಂಚೆ ಕೀಳಬೇಕು, ಬಿಸಿಲು ಏರಿದ ಮೇಲೆ ಕಿತ್ತ ಹೂವಿನಲ್ಲಿ ಅರ್ಧ ಪರಿಮಳವೂ ಇರುವುದಿಲ್ಲ. ಮೂರನೇ ಸಲದಿಂದಲೇ ಸ್ವಲ್ಪ ಸ್ವಲ್ಪ ಜಿಡ್ಡು ತೆಗೆದು ಆಲ್ಕೋಹಾಲಿನಲ್ಲಿ ಕದಡಿ, ಫ್ರೀಜರಿನಲ್ಲಿಟ್ಟು, ಸೋಸಿಕೊಂಡೆ.

ಎಲ್ಲರೂ ಕಾಫಿ ಹೂವು ಥೇಟ್ ಮಲ್ಲಿಗೆ ಅನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಕಾಫಿ ಮಲ್ಲಿಗೆಯ ನೆಂಟನಲ್ಲ, ಕೇಪಳ ಮತ್ತು ಗಂಧರಾಜದ ಕುಟುಂಬದ್ದು. ಮಲ್ಲಿಗೆಯ ಸಿಹಿ ದಪ್ಪ, ಒಂದೇ ಸಲ ಮುಖಕ್ಕೆ ಬರುತ್ತದೆ. ಇದರ ಸಿಹಿ ತೆಳು. ಹಿಂದೆಯೇ ಕಿತ್ತಳೆ ಸಿಪ್ಪೆ ಚಿವುಟಿದ ಹಾಗೆ ಒಂದು ಕಹಿ ಇದೆ, ಆಮೇಲೆ ಜೇನು. ಆ ಕಹಿಯನ್ನೇ ಹಿಡಿಯಬೇಕು ಅಂತ ನನ್ನ ಆಸೆ.

ಸೋಸಿದ ಸಾರಕ್ಕೆ ಬೇರೆ ಬೇರೆ ಪರಿಮಳ ಬೆರೆಸಿ ಒಂದೊಂದು ಬಾಟಲಿ ಮಾಡುತ್ತಾ ಹೋದೆ. ಬಾಟಲಿ 1ರಿಂದ 4ರವರೆಗೆ ಹೇಳುವಂಥದ್ದೇನೂ ಇಲ್ಲ. 5ರಲ್ಲಿ ಕೊಡಗಿನ ಕಿತ್ತಳೆ ಸಿಪ್ಪೆಯ ಎಣ್ಣೆ, ಒಂದು ಹನಿ ಏಲಕ್ಕಿ, ತಳಕ್ಕೆ ಶ್ರೀಗಂಧ ಮತ್ತು ಲಾವಂಚ. ಲಾವಂಚ ಜಾಸ್ತಿಯಾಯಿತು. ಹತ್ತು ನಿಮಿಷಕ್ಕೆ ಕಿತ್ತಳೆ ಹಾರಿಹೋಯಿತು, ಅರ್ಧ ಗಂಟೆಗೆ ಹೂವೂ ಕಾಣಲಿಲ್ಲ, ಉಳಿದಿದ್ದು ಬೇರಿನ ಮಣ್ಣು ವಾಸನೆ ಮಾತ್ರ. 6 ಮತ್ತು 7ರಲ್ಲಿ ಲಾವಂಚ ಇಳಿಸಿದೆ. ಹೂವು ಬಂತು. ಆದರೆ ಸೋಪಿನ ಹೂವು, ಜೀವ ಇಲ್ಲ. ಅಕ್ಕನಿಗೆ ಮೂಸಲು ಸೆಂಟಿನಲ್ಲಿ ಅದ್ದಿದ ಕಾಗದದ ಪಟ್ಟಿ ಕೊಟ್ಟರೆ, "ಚೆನ್ನಾಗಿದೆ, ಅಂಗಡಿ ಸೆಂಟಿನ ಹಾಗಿದೆ" ಅಂದರು.

ಗುರುವಾರ ರಾತ್ರಿ ಬೇಲಿ ಹತ್ತಿರ ನಿಂತಿದ್ದೆ. ಟಾರ್ಚ್ ಹಿಡಿದು ಒಂದು ಗೊಂಚಲಿಗೆ ಮೂಗು ಇಟ್ಟೆ. ಮೂರನೇ ದಿನದ ಹೂವು. ಎಸಳಿನ ತುದಿ ಕಂದಾಗಿ ಸುರುಳಿ ಸುತ್ತಿತ್ತು, ಬುಡ ಇನ್ನೂ ಬಿಳಿ. ಸಿಹಿಯ ಒಳಗೆ ಬಟ್ಟೆ ಪೆಟ್ಟಿಗೆಯ ಡಾಂಬರ್ ಗುಳಿಗೆಯ ಎಳೆ! ನನಗೆ ಗೊತ್ತಿರುವ ವಾಸನೆ ಅದು. ಇಂಡೋಲ್ ಅನ್ನುವ ರಾಸಾಯನಿಕ. ಮಲ್ಲಿಗೆಯಲ್ಲೂ ಇದೆ, ಮಲದಲ್ಲೂ ಇದೆ. ಶುದ್ಧ ಹರಳನ್ನು ಮೂಸಿದರೆ ಹೊಟ್ಟೆ ತೊಳಸುತ್ತದೆ, ಕೂದಲೆಳೆಯಷ್ಟು ಸೇರಿಸಿದರೆ ಹೂವು ಉಸಿರಾಡುತ್ತದೆ. ನನ್ನ ಸಾರ ಪೂರ್ತಿ ಬೆಳಗಿನ ಎಳೇ ಹೂವಿನದು. ಬಾಡುವ ಹೂವಿನ ವಾಸನೆಯನ್ನು ನಾನೇ ಹೊರಗೆ ಇಟ್ಟಿದ್ದೆ.

ಮರುದಿನ ಎಂಟನೇ ಬಾಟಲಿಯ 20 ಗ್ರಾಂ ಮಿಶ್ರಣಕ್ಕೆ ಇಂಡೋಲಿನ ನೂರಕ್ಕೆ ಒಂದರ ದ್ರಾವಣ ಒಂದು ಹನಿ ಹಾಕಿದೆ. ಏನೂ ಆಗಲಿಲ್ಲ. ಎರಡನೆಯದಕ್ಕೂ ಅಷ್ಟೆ. ಮೂರನೇ ಹನಿ ಬಿದ್ದು ಬಾಟಲಿ ಅಲ್ಲಾಡಿಸಿ ಪಟ್ಟಿ ಅದ್ದಿದಾಗ ಸುಮ್ಮನೆ ಕೂತುಬಿಟ್ಟೆ. ಕಿಟಕಿ ಮುಚ್ಚಿತ್ತು, ಆದರೂ ತೋಟ ಒಳಗೆ ಬಂದಿತ್ತು. ನಾಲ್ಕನೆಯದು ಹಾಕಲು ಕೈ ಬರಲಿಲ್ಲ. ಇಂಡೋಲ್ ಇರುವ ದ್ರವ ದಿನ ಕಳೆದಂತೆ ಕಂದಾಗುತ್ತದೆ, ಬಿಳಿ ಬಟ್ಟೆಗೆ ಹಾಕುವ ಹಾಗಿಲ್ಲ. ಆಗಲಿ.

ಇವತ್ತು ಬೆಳಿಗ್ಗೆ ಅಕ್ಕನಿಗೆ 8ರ ಪಟ್ಟಿ ಕೊಟ್ಟೆ, ನಾನು ಏನೂ ಹೇಳಲಿಲ್ಲ. ಅವರು ಮೂಸಿದರು, ಇನ್ನೊಮ್ಮೆ ಮೂಸಿದರು. ಆಮೇಲೆ ತಲೆ ಎತ್ತಿ ಕೇಳಿದರು:

"ಇದು ಯಾವ ಬ್ಲಾಕಿನ ಹೂವು?"

ಬಾಟಲಿಗೆ ಚೀಟಿ ಅಂಟಿಸಿ ಅಕ್ಕಿ ಡಬ್ಬದ ಹಿಂದೆ ಕತ್ತಲಲ್ಲಿ ಇಟ್ಟಿದ್ದೇನೆ. ನಾಲ್ಕು ವಾರ ಹದವಾಗಬೇಕು. ಏಪ್ರಿಲ್ 13ರವರೆಗೆ ಮುಚ್ಚಳ ತೆಗೆಯುವುದಿಲ್ಲ.