"ಅದು ನಮಗೂ ಕೊಡಲ್ಲ ಸಾರ್"

ಫೈಬರ್ ರಿಪೇರಿಗೆ ಬಂದ ಹುಡುಗ ಹೇಳಿದ ಮಾತು ಇದು. ಸೋಮವಾರದಿಂದ ತಲೆಯಲ್ಲೇ ಸುತ್ತುತ್ತಿದೆ. ನಾನು ಕೇಳಿದ್ದು ನಮ್ಮ ಮನೆಯ ಕನೆಕ್ಷನ್ನಿನ ಪಿಪಿಪಿಒಇ ಪಾಸ್‌ವರ್ಡ್, ಅಂದರೆ ರೂಟರ್ ಕಂಪನಿಯ ಜಾಲಕ್ಕೆ ಲಾಗಿನ್ ಆಗಲು ಬಳಸುವ ಪಾಸ್‌ವರ್ಡ್, ಅಷ್ಟೇ.

ಸಾಗರದ ಹತ್ತಿರ ನಮ್ಮದು ಹಳೇ ಕಾಲದ ಜಂಬಿಟ್ಟಿಗೆ ಮನೆ. ಕಂಪನಿ ಕೊಟ್ಟ ಡಬ್ಬಿ (ಮೋಡೆಮ್, ವೈಫೈ ರೂಟರ್ ಎರಡೂ ಅದೇ) ಜಗಲಿಯಲ್ಲಿದೆ, ಕೇಬಲ್ ಒಳಗೆ ಬರುವುದೇ ಅಲ್ಲಿ. ಎರಡು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಪೂರ್ತಿ ಸೋತುಹೋಗುತ್ತದೆ. 2.4 ಹಿಂದಿನ ಕೋಣೆಯವರೆಗೆ ಬರುತ್ತದಾದರೂ ಮೀಟಿಂಗಿನಲ್ಲಿ ಅರ್ಧ ಮಾತು ನುಂಗುತ್ತದೆ. ಅದಕ್ಕೇ ಒಂದು ಒಳ್ಳೆಯ ರೂಟರ್ ತಂದು ನಡುಮನೆಯಲ್ಲಿಟ್ಟೆ, ಜಗಲಿಯಿಂದ ಅಲ್ಲಿವರೆಗೆ ಲ್ಯಾನ್ ಕೇಬಲ್ ಎಳೆದೆ.

ಸುಮ್ನೆ ಚುಚ್ಚಿದರೂ ನೆಟ್ ಬರುತ್ತದೆ. ಆದರೆ ಆಗ ಒಂದರ ಹಿಂದೆ ಒಂದು ಎರಡು ರೂಟರ್ ಕೆಲಸ ಮಾಡುತ್ತಿರುತ್ತವೆ, ಎರಡೂ ಕಡೆ ಐಪಿ ವಿಳಾಸ (ನೆಟ್ಟಿನಲ್ಲಿ ಸಾಧನದ ಗುರುತು) ಬದಲಾಗುತ್ತದೆ, ಏನಾದರೂ ಕೆಟ್ಟರೆ ಯಾವುದು ಕೆಟ್ಟಿತು ಅಂತ ಹುಡುಕುವುದೇ ಕಷ್ಟ. ಸರಿಯಾದ ದಾರಿ ಎಂದರೆ ಕಂಪನಿಯ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕುವುದು. ಆಗ ಅದು ಫೈಬರ್‌ನಲ್ಲಿ ಬರುವ ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡಿ ಕೊಟ್ಟು ಸುಮ್ಮನಿರುತ್ತದೆ, ಲಾಗಿನ್ ಆಗುವ ಕೆಲಸ ನಮ್ಮ ರೂಟರ್‌ದು. ಅದಕ್ಕೆ ಬೇಕಾದದ್ದು ಮೂರು: ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಅದೇನು ಅಂತ ಮುಂದೆ ಹೇಳುತ್ತೇನೆ). ಯೂಸರ್‌ನೇಮ್ ಬಿಲ್ಲಿನಲ್ಲೇ ಇತ್ತು. ವಿಲ್ಯಾನ್ ನಂಬರ್ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಸಿಕ್ಕಿತು. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ಸೆಕ್ಯುರಿಟಿ ಕಾರಣಕ್ಕೆ ಕೊಡಲು ಆಗುವುದಿಲ್ಲ ಸರ್."

ಯಾವ ಸೆಕ್ಯುರಿಟಿ? ಡಬ್ಬಿಯ ಸೀರಿಯಲ್ ನಂಬರ್ ಕಂಪನಿಯ ಕಡೆ ನೋಂದಣಿ ಆಗಿದ್ದರೆ ಮಾತ್ರ ಲೈನಿಗೆ ಜೀವ ಬರುತ್ತದೆ. ನನ್ನ ಪಾಸ್‌ವರ್ಡನ್ನು ಯಾರೋ ಕದ್ದು ಬೇರೆ ಊರಲ್ಲಿ ನೆಟ್ ನಡೆಸಿಬಿಡುತ್ತಾರೆ ಅನ್ನುವ ಭಯಕ್ಕೆ ಅರ್ಥವಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟುವುದು ನಾನು, ಲೈನ್ ಇರುವುದು ನನ್ನ ಹೆಸರಲ್ಲಿ.

ಅಷ್ಟರಲ್ಲಿ ಭಾನುವಾರದ ಗಾಳಿಮಳೆಗೆ ತೋಟದಂಚಿನ ಮರದ ಕೊಂಬೆ ಕೇಬಲ್ ಮೇಲೆ ಬಿತ್ತು, ಸಿಗ್ನಲ್ ಬರುತ್ತಿಲ್ಲ ಅಂತ ತೋರಿಸುವ ಡಬ್ಬಿಯ ಲಾಸ್ ಲೈಟ್ ಕೆಂಪಾಯಿತು. ಮರುದಿನ ಬಂದವನೇ ಆ ಹುಡುಗ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಬೈಕಿನಲ್ಲಿ ಏಣಿ.

ಅವನ ಕೆಲಸ ನೋಡಬೇಕಿತ್ತು. ಕೇಬಲ್ಲಿನ ಕಪ್ಪು ಸಿಪ್ಪೆ ಸುಲಿದು, ಒಳಗಿನ ಕೂದಲೆಳೆಯಂಥ ಗಾಜನ್ನು ಸ್ಪಿರಿಟ್ ಹಚ್ಚಿ ಒರೆಸಿ, ಕಟರ್‌ನಲ್ಲಿಟ್ಟು ಟಕ್ ಅಂತ ಕತ್ತರಿಸಿ, ಹಸಿರು ಕನೆಕ್ಟರ್‌ಗೆ ತೂರಿಸಿದ. ತುಂಡಾದ ಗಾಜಿನ ಚೂರನ್ನು ಟೇಪಿಗೆ ಅಂಟಿಸಿ ಜೇಬಿಗೆ ಹಾಕಿಕೊಂಡ, ಮನೆಯಲ್ಲಿ ಬರಿಗಾಲಲ್ಲಿ ಓಡಾಡ್ತೀರಲ್ವಾ ಅಂತ. ಬಗ್ಗಿ ನೋಡಲು ಬಂದ ಅಮ್ಮನಿಗೆ "ತುದಿ ನೋಡ್ಬೇಡಿ ಅಮ್ಮಾ, ಬೆಳಕು ಕಾಣಲ್ಲ, ಆದ್ರೂ ಕಣ್ಣಿಗೆ ಒಳ್ಳೇದಲ್ಲ" ಎಂದ. ಬೆಳಕಿನ ಬಲ ಅಳೆಯುವ ಮೀಟರ್ ಹಚ್ಚಿದಾಗ ಮೈನಸ್ 27 ಬಂತು; ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ. ಅವನಿಗೆ ಸಮಾಧಾನ ಆಗಲಿಲ್ಲ. ಹೊರಗೆ ಹೋಗಿ ಕಂಬದ ಹತ್ತಿರ ಕೇಬಲ್ ಚೂಪಾಗಿ ಮಡಚಿಕೊಂಡಿದ್ದ ಜಾಗ ಹುಡುಕಿ ಬಿಡಿಸಿ ಬಂದ. ಆಮೇಲೆ ಮೈನಸ್ 20.

ಆಗ ನಾನು ಪಾಸ್‌ವರ್ಡ್ ಕೇಳಿದೆ. "ಅದು ನಮಗೂ ಕೊಡಲ್ಲ ಸಾರ್." ಬೇಜಾರೂ ಇಲ್ಲ, ಆಶ್ಚರ್ಯವೂ ಇಲ್ಲ. ಮಳೆ ಬರುತ್ತೆ ಅಂದಷ್ಟು ಸಹಜವಾಗಿ.

ಹೀಗೆಂದರೂ ಅವನು ಕೈಚೆಲ್ಲಲಿಲ್ಲ. ಆಫೀಸಿನ ಒಬ್ಬ ಹಿರಿಯರಿಗೆ "ಅಣ್ಣಾ, ಒಂದ್ ಪಾಸ್‌ವರ್ಡ್ ರೀಸೆಟ್ ಮಾಡ್ಕೊಡಿ" ಅಂತ ಫೋನ್ ಮಾಡಿದ. ಅವರು ಮಾಡಿಕೊಟ್ಟರು, ಕಾಫಿ ಆರುವುದರೊಳಗೆ. ಇಷ್ಟು ಸಲೀಸಾದ ಕೆಲಸಕ್ಕೆ ಅಷ್ಟು ಬಿಗಿ ಯಾಕೆ ಬೇಕಿತ್ತು?

ಬ್ರಿಡ್ಜ್ ಮಾಡುವಾಗ ಅವನು ನನ್ನ ಪಕ್ಕದಲ್ಲೇ ಕೂತ. "ಸಾರ್, ಈ ವಿಲ್ಯಾನ್ ಅಂದ್ರೆ ಏನು?" ಒಂದೇ ಎಳೆಯಲ್ಲಿ ನೆಟ್ಟೂ ಬರುತ್ತೆ, ಲ್ಯಾಂಡ್‌ಲೈನ್ ಫೋನೂ ಬರುತ್ತೆ, ಬೆರೆಯದಿರಲಿ ಅಂತ ಒಂದೊಂದಕ್ಕೂ ಒಂದು ನಂಬರ್ ಹಚ್ಚಿರುತ್ತಾರೆ ಎಂದೆ. ಅರೆಗಳಿಗೆ ಸುಮ್ಮನಿದ್ದು, "ಹಂಗಾದ್ರೆ ಮೊನ್ನೆ ಒಂದ್ಮನೇಲಿ ಫೋನ್ ಬರ್ತಿತ್ತು, ನೆಟ್ ಬರ್ತಿರ್ಲಿಲ್ಲ. ನಂಬರ್ ತಪ್ಪಿರ್ಬೇಕು! ನಾನು ಡಬ್ಬಿನೇ ಬದಲಾಯಿಸಿ ಬಂದೆ" ಎಂದ. ಎಷ್ಟು ಬೇಗ ಹಿಡಿದ ನೋಡಿ. ಇವನಿಗೆ ಇದನ್ನು ಹೇಳಿಕೊಡಲು ಕಂಪನಿಗೆ ಏನು ಕಷ್ಟ? ಏಣಿ ಕೊಡುತ್ತಾರೆ, ಟಾರ್ಗೆಟ್ ಕೊಡುತ್ತಾರೆ. ಕೈಯಲ್ಲಿರುವ ವಸ್ತು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಮಾತ್ರ ಗುಟ್ಟು. ನನಗೆ ಸಿಟ್ಟು ಬಂದಿದ್ದು ಅವನ ಮೇಲಲ್ಲ, ಹೀಗೆ ತೀರ್ಮಾನ ಮಾಡಿದವರ ಮೇಲೆ.

ಎಲ್ಲ ಕಡೆ ಇದೇ ನಡೆಯುತ್ತಿದೆ ಅನ್ನಿಸುತ್ತದೆ. ಪಕ್ಕದ ಮನೆಯ ಅಂಗನವಾಡಿ ಅಕ್ಕ ಮಕ್ಕಳ ತೂಕವನ್ನು ಮೊಬೈಲಿಗೆ ತುಂಬುತ್ತಾರೆ. ಆ್ಯಪ್ ತಕರಾರು ಮಾಡಿದರೆ ಯಾಕೆ ಅಂತ ಅವರಿಗೆ ಯಾರೂ ಹೇಳುವುದಿಲ್ಲ, ಬೈಗುಳ ಮಾತ್ರ ಅವರಿಗೇ. ಕೆಲಸ ಮಾಡುವವರಿಗೆ ಕೆಲಸದ ಒಳಗುಟ್ಟು ಗೊತ್ತಿರಬಾರದು ಅನ್ನುವುದು ತೀರಾ ಮಾಮೂಲಾಗಿಬಿಟ್ಟಿದೆ.

ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಕಾನೂನೇ ಇದೆ. ಯಾವ ರೂಟರ್ ಬೇಕು ಅನ್ನುವುದು ಗ್ರಾಹಕರ ಇಷ್ಟ, ಹೊಸ ಕನೆಕ್ಷನ್ ಕೊಡುವಾಗ ಲಾಗಿನ್ ವಿವರವನ್ನು ಕೇಳದೆಯೇ ಕೊಡಬೇಕು. ಇಲ್ಲಿ ನಾವು ಕೇಳುವ ರೂಢಿಯನ್ನಾದರೂ ಮಾಡಿಕೊಳ್ಳಬೇಕು.

ಹೊಸದಾಗಿ ಫೈಬರ್ ಹಾಕಿಸುವವರು ದುಡ್ಡು ಕೊಡುವ ಮುಂಚೆಯೇ ಕೇಳಿ: ಬ್ರಿಡ್ಜ್ ಮಾಡಿಕೊಡ್ತೀರಾ? ಪಿಪಿಪಿಒಇ ಪಾಸ್‌ವರ್ಡ್ ಕೊಡ್ತೀರಾ? ಹೂಂ ಅಂದರೆ ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ. ಕೇಬಲ್ ಎಳೆಯಲು ಬಂದವರಿಗೂ ಆ ಮೆಸೇಜ್ ತೋರಿಸಿ. ನಾನು ಕಂಪನಿಗೆ ಬರೆದ ಮೇಲ್‌ನಲ್ಲಿ ಆ ಹುಡುಗನ ಕೆಲಸ ಹೊಗಳಿ, ಲೈನ್ ಮೇಲೆ ಕೆಲಸ ಮಾಡುವವರಿಗೆಲ್ಲ ಈ ವಿಷಯದಲ್ಲಿ ಒಂದು ದಿನದ ತರಬೇತಿ ಕೊಡಿ ಎಂದು ಕೇಳಿದ್ದೇನೆ. ಉತ್ತರ ಬರದಿದ್ದರೆ ಮತ್ತೆ ಬರೆಯುತ್ತೇನೆ.